ಅಪ್ಪನ ಮಂಡಿ ಮತ್ತು ಒಂದು ಹಳೇ ಕೆಂಬಾರಾ

"ಅಲ್ಲಾ ರೀ, ಕಂಪನಿಯವರೇ ಮಾಡೋದು ಬಿಟ್ಟಿರೋ ಗಾಡೀನ ದುಡ್ಡು ಕೊಟ್ಟು ಯಾರಾದ್ರೂ ತಗೋತಾರಾ?"

ನನ್ನ ಹೆಂಡತಿಯ ಈ ಪ್ರಶ್ನೆಗೆ ಆವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತು ಸ್ವಲ್ಪ ಇದೆ, ಅದಕ್ಕೇ ಇದನ್ನ ಬರೀತಾ ಇದ್ದೀನಿ.

ಕಥೆ ಶುರುವಾಗಿದ್ದು ಅಪ್ಪನ ಮಂಡಿಯಿಂದ. 2024ರ ದೀಪಾವಳಿಗೆ ಅಪ್ಪ ಅಮ್ಮ ಮೊದಲ ಸಲ ಮಲೇಷ್ಯಾಕ್ಕೆ ಬಂದಿದ್ರು. ನಾನಿರೋದು ಸೈಬರ್‌ಜಾಯದಲ್ಲಿ. ಕಾರಿಲ್ಲ, ಎಲ್ಲಿಗೆ ಹೋದ್ರೂ ಬಾಡಿಗೆ ಟ್ಯಾಕ್ಸಿ. ಬರೋದೆಲ್ಲ ತಗ್ಗು ಸೀಟಿನ ಸಣ್ಣ ಸೆಡಾನ್‌ಗಳು. ಹತ್ತುವಾಗ ಅಪ್ಪ ಹೇಗೋ ಹತ್ತಿಬಿಡ್ತಿದ್ರು, ಇಳಿಯೋದೇ ಕಷ್ಟ. ಒಂದು ಕೈಲಿ ಬಾಗಿಲು, ಇನ್ನೊಂದು ಕೈಲಿ ನನ್ನ ಭುಜ ಹಿಡಿದು, ಹಲ್ಲು ಕಚ್ಚಿ ಏಳೋರು. ಮೂರನೇ ದಿನದಿಂದ "ನೀವು ಹೋಗಿ ಬನ್ನಿ, ನಾನು ಟಿವಿ ನೋಡ್ತಾ ಇರ್ತೀನಿ" ಅನ್ನೋಕೆ ಶುರು ಮಾಡಿದ್ರು. ಕೊಪ್ಪದ ಹತ್ತಿರದ ನಮ್ಮೂರಿನ ಗುಡ್ಡ ಹತ್ತಿ ಇಳಿದ ಮನುಷ್ಯ ಹದಿನೆಂಟನೇ ಮಹಡಿಯ ಫ್ಲ್ಯಾಟಲ್ಲಿ ಒಬ್ಬರೇ ಕೂತು, ಅರ್ಥವಾಗದ ಭಾಷೆಯ ಟಿವಿ ನೋಡಿ ವಾಪಸ್ ಹೋದ್ರು.

ಮುಂದಿನ ಮೇ ತಿಂಗಳಿಗೆ ಮತ್ತೆ ಬರ್ತೀವಿ ಅಂದ್ರು ಅಮ್ಮ. ಅಷ್ಟರಲ್ಲಿ ಸ್ವಲ್ಪ ಎತ್ತರದ ಸೀಟಿನ ಒಂದು ಕಾರು ತಗೋಬೇಕು ಅಂತ ನಿರ್ಧಾರ ಮಾಡಿದೆ. ನಿರ್ಧಾರಕ್ಕೇನು, ದುಡ್ಡು ಬೇಕಲ್ಲ! 2021ರಲ್ಲಿ ಬಂದ ಪೆರೊಡುವಾ ಅಟಿವಾ ಚೆನ್ನಾಗಿದೆ, ಆದ್ರೆ 60 ಸಾವಿರ ರಿಂಗಿಟ್ ಮೇಲೆ. ನನ್ನ ವರ್ಕ್ ಪಾಸು ಎರಡೆರಡು ವರ್ಷಕ್ಕೆ ನವೀಕರಣ ಆಗೋದು. ಮುಂದಿನ ಸಲ ಆಗದೇ ಹೋದ್ರೆ ಸಾಲ ಕಟ್ಟೋರು ಯಾರು? ಕೈಯಲ್ಲಿದ್ದಿದ್ದು ಒಟ್ಟು 15 ಸಾವಿರ. ಅಷ್ಟರೊಳಗೆ ಹುಡುಕಿದಾಗ ಕಣ್ಣಿಗೆ ಬಿದ್ದಿದ್ದೇ ಕೆಂಬಾರಾ.

ಮಲಯ ಭಾಷೇಲಿ ಕೆಂಬಾರಾ ಅಂದ್ರೆ ಅಲೆದಾಟ, ಸಂಚಾರ. ಜಪಾನಿನ ಡೈಹಾಟ್ಸು ಟೆರಿಯೋಸ್ ಗಾಡಿಯನ್ನೇ ಪೆರೊಡುವಾದವರು 1998ರಲ್ಲಿ ಈ ಹೆಸರಿಟ್ಟು ಇಲ್ಲಿ ತಯಾರಿಸೋಕೆ ಶುರು ಮಾಡಿದ್ರು. ನೋಡೋಕೆ ಕಿರಿದಾಗಿ, ಉದ್ದಕ್ಕೆ, ಬೆನ್ನಿಗೆ ಸ್ಟೆಪ್ನಿ ಕಟ್ಟಿಕೊಂಡು, ಶಾಲೆಗೆ ಹೊರಟ ಹುಡುಗನ ಥರ ಇರುತ್ತೆ. ಆದ್ರೆ ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಫೋರ್ ಬೈ ಫೋರ್. 2008ರಲ್ಲಿ ನಾಟಿಕಾ ಬರುವ ಹೊತ್ತಿಗೆ ಇದರ ಕಥೆ ಮುಗಿದಿತ್ತು.

ನಾನು ನೋಡೋಕೆ ಹೋಗಿದ್ದು ಕಜಾಂಗ್‌ನಲ್ಲಿದ್ದ 2005ರ ಮ್ಯಾನುಯಲ್ ಗಾಡಿ. ಮಾಲೀಕರು ನಿವೃತ್ತ ಮೇಷ್ಟ್ರು. ಇಲ್ಲಿ ಮೇಷ್ಟ್ರಿಗೆ ಚಿಕ್ಗು ಅಂತಾರೆ. 12 ಸಾವಿರ ಹೇಳಿದ್ರು. ಟೀ ಕೊಟ್ಟು, ಒಳಗಿಂದ ಒಂದು ಹಳೇ ನೋಟ್‌ಬುಕ್ ತಂದಿಟ್ಟರು. ತೆಗೆದು ನೋಡಿದ್ರೆ, 2005ರಿಂದ ಪ್ರತಿ ಆಯಿಲ್ ಚೇಂಜು, ಪ್ರತಿ ಬ್ರೇಕ್ ಪ್ಯಾಡು, ಕಿಲೋಮೀಟರ್ ಸಮೇತ, ದುಂಡು ಅಕ್ಷರದಲ್ಲಿ! ನಮ್ಮ ಪ್ರಾಜೆಕ್ಟಿನಲ್ಲಿ ಯಾರೂ ಇಷ್ಟು ಶಿಸ್ತಾಗಿ ಚೇಂಜ್ ಲಾಗ್ ಬರೆದಿದ್ದು ನಾನು ನೋಡಿಲ್ಲ :)

ಮನಸ್ಸು ಆಗಲೇ ಗಾಡಿ ತಗೊಂಡುಬಿಟ್ಟಿತ್ತು. ಆದ್ರೆ ಪುಟ ತಿರುಗಿಸ್ತಾ ಹೋದ್ರೆ 2021ಕ್ಕೆ ಬರಹ ನಿಂತಿತ್ತು. ಕೇಳಿದೆ. "ಆಮೇಲೆ ಮಗ ಓಡಿಸ್ತಿದ್ದ. ಅವನು ಬರೆಯೋಲ್ಲ" ಅಂದ್ರು ಚಿಕ್ಗು, ಸ್ವಲ್ಪ ನಾಚಿಕೆಯಿಂದ.

ಮರುದಿನ ಒಬ್ಬ ತಮಿಳು ಮೆಕ್ಯಾನಿಕ್ ಅಣ್ಣನ್ನ ಕರ್ಕೊಂಡು ಹೋದೆ. ನನ್ನ ಬೆಂಗಳೂರು ತಮಿಳು ಕೇಳಿ ಅವರು ಮೊದಲು ಮನಸಾರೆ ನಕ್ಕರು. ಆಮೇಲೆ ಗಾಡಿ ಸುತ್ತ ಒಂದು ಸುತ್ತು ಹಾಕಿ ಟೈರು ತೋರಿಸಿದ್ರು. ಮುಂದಿನ ಎರಡು ಹೊಸವು, ಹಿಂದಿನ ಎರಡು ಬೋಳು. ನಂಗೆ ಅದರಲ್ಲೇನು ವಿಶೇಷ ಅಂತ ತಿಳೀಲಿಲ್ಲ. "ತಂಬಿ, ಇದು ಸದಾ ನಾಲ್ಕು ಚಕ್ರದಲ್ಲಿ ಓಡೋ ಗಾಡಿ. ಸವೆದ ಟೈರಿನ ಸುತ್ತಳತೆ ಕಮ್ಮಿ, ಅದು ಹೆಚ್ಚು ಸಲ ತಿರುಗುತ್ತೆ. ಮುಂದೆ ಹಿಂದೆ ಲೆಕ್ಕ ತಪ್ಪಿದ್ರೆ ನಡುವಿನ ಡಿಫರೆನ್ಷಿಯಲ್ ಸುಮ್ನೆ ಸವೀತಾ ಹೋಗುತ್ತೆ. ಹಾಕಿದ್ರೆ ನಾಲ್ಕೂ ಒಟ್ಟಿಗೆ ಹಾಕಬೇಕು" ಅಂದ್ರು. ಡಿಫ್ ಲಾಕ್ ಬಟನ್ ಒತ್ತಿ, ಮಣ್ಣಿನ ಜಾಗದಲ್ಲಿ ಓಡಿಸಿ ನೋಡಿದ್ರು. ಸದ್ಯ, ಸರಿಯಿತ್ತು.

ಕೊನೆಗೆ ತಣ್ಣಗಿದ್ದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದ್ರು. ಒಳಗೆ ಹಸಿರೋ ಕೆಂಪೋ ಕೂಲೆಂಟ್ ಇರಬೇಕಾದ ಕಡೆ ಬೆಲ್ಲದ ಕಾಫಿ ಬಣ್ಣದ ನೀರು! ನಲ್ಲಿ ನೀರು ಹಾಕಿ ಹಾಕಿ ಒಳಗೆ ತುಕ್ಕು ಹಿಡಿದಿತ್ತು. ನೋಟ್‌ಬುಕ್ಕಿನ ಖಾಲಿ ಪುಟಗಳೆಲ್ಲ ಆ ನೀರಲ್ಲಿ ಕಾಣಿಸಿದವು ನೋಡಿ.

ನನ್ನ ಜೀವ ಹೊಡ್ಕೊಳ್ಳೋಕೆ ಶುರುವಾಯ್ತು. ಅಪ್ಪನ್ನ ಕೂರಿಸ್ಕೊಂಡು ಕ್ಯಾಮರಾನ್ ಹೈಲ್ಯಾಂಡ್ಸ್ ಘಾಟಿ ಹತ್ತುವಾಗ ಮಧ್ಯದಲ್ಲಿ ಹೊಗೆ ಎದ್ದು ನಿಂತ್ರೆ? ಮಂಡಿ ನೋವಿನ ಮನುಷ್ಯನ್ನ ರಸ್ತೆ ಬದಿ ನಿಲ್ಲಿಸಲಾ? ಬೇಡ ಬಿಡಿ ಅಂದೆ ಅಣ್ಣನಿಗೆ. ಅದೂ ಅಲ್ದೆ, ಇಷ್ಟು ಹಳೇ ಗಾಡಿಗೆ ಸ್ಪೇರ್ ಎಲ್ಲಿ ಸಿಗುತ್ತೆ?

ಅವರು ಹೇಳಿದ ಮಾತು ನಂಗೆ ಯಾವ ಕಾಲೇಜಲ್ಲೂ ಹೇಳಿಕೊಟ್ಟಿರಲಿಲ್ಲ. ಗಾಡಿ ನಿಂತಿದೆ, ಎಂಜಿನ್ ನಿಂತಿಲ್ಲ. 2003ರ ನಂತರದ ಕೆಂಬಾರಾದಲ್ಲಿರೋ ಕೆ3-ವಿಇ ಎಂಜಿನ್ನೇ ಮೊದಲ ತಲೆಮಾರಿನ 1.3 ಲೀಟರ್ ಮೈವಿಯಲ್ಲೂ ಇರೋದು. ಮೈವಿ ಅಂದ್ರೆ ಇಲ್ಲಿ ನಮ್ಮ ಮಾರುತಿ 800 ಇದ್ದ ಹಾಗೆ, ಬೀದಿಗೆ ಹತ್ತು. ಎಂಜಿನ್ ಭಾಗಗಳು ಯಾವ ಅಂಗಡೀಲಾದ್ರೂ ಸಿಗುತ್ತೆ. ಮಿಕ್ಕಿದ್ದಕ್ಕೆ ಹಾಫ್‌ಕಟ್ ಅಂಗಡಿಗಳಿವೆ. ಜಪಾನಿನಲ್ಲಿ ಹಳತಾದ ಗಾಡಿಗಳನ್ನ ಅರ್ಧಕ್ಕೆ ಕತ್ತರಿಸಿ ಹಡಗಲ್ಲಿ ತರಿಸಿ, ಬಿಡಿಭಾಗ ಮಾರೋ ಜಾಗ ಅದು. ಟೆರಿಯೋಸಿನ ಅರ್ಧ ದೇಹಗಳು ಅಲ್ಲಿಗೂ ಬರುತ್ತವಂತೆ. ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ, ಪ್ರಾಡಕ್ಟ್ ಸತ್ತಿದೆ, ಲೈಬ್ರರಿಗಳು ಬದುಕಿವೆ.

ಚಿಕ್ಗು ಹತ್ರ ಎಲ್ಲಾ ಹೇಳಿದೆ. ಅವರು ವಾದ ಮಾಡಲಿಲ್ಲ. ರೇಡಿಯೇಟರ್ ಒಳಗೆ ಬಗ್ಗಿ ನೋಡಿ, ತಲೆ ಅಲ್ಲಾಡಿಸಿ, 10 ಸಾವಿರಕ್ಕೆ ಇಳಿದ್ರು. ರೇಡಿಯೇಟರ್, ಹೋಸ್‌ಗಳು, ವಾಟರ್ ಪಂಪು, ನಾಲ್ಕು ಟೈರು ಎಲ್ಲಾ ಸೇರಿ ನಂಗೆ ಮತ್ತೆ 2,300 ಬಿತ್ತು.

ಕಾಗದ ಪತ್ರದ ಕೆಲಸ ಅಂದುಕೊಂಡಷ್ಟು ತಲೆನೋವಾಗಲಿಲ್ಲ. ಮೊದಲು ಪುಸ್ಪಾಕಾಮ್ ತಪಾಸಣೆ. ಚಾಸಿ ನಂಬರು, ಎಂಜಿನ್ ನಂಬರು ದಾಖಲೆ ಜೊತೆ ತಾಳೆ ನೋಡ್ತಾರೆ. ಆಮೇಲೆ ವಿಮೆ. ಇಲ್ಲಿ ಐದು ವರ್ಷ ಕ್ಲೇಮು ಮಾಡದಿದ್ರೆ 55% ತನಕ ರಿಯಾಯಿತಿ ಉಂಟು, ಆದ್ರೆ ಅದು ಗಾಡಿಯದಲ್ಲ, ಮನುಷ್ಯನದು. ಚಿಕ್ಗು ಅವರದ್ದು ಅವರ ಜೊತೆಗೇ ಹೋಯ್ತು, ನಾನು ಸೊನ್ನೆಯಿಂದ ಶುರು. ಕೊನೆಗೆ ಜೆಪಿಜೆ, ಅಂದ್ರೆ ಇಲ್ಲಿನ ಆರ್‌ಟಿಓ. ಕೌಂಟರಲ್ಲಿ ಇಬ್ಬರೂ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದ್ವಿ. ಬಿ.ಇ. ಓದಿಸಿದ್ದಕ್ಕೂ ಸಾರ್ಥಕ ಆಯ್ತು ಅಪ್ಪಾ, ನಿನ್ನ ಮಗ ಕೊನೆಗೂ ಹೆಬ್ಬೆಟ್ಟು ಅಂದುಕೊಂಡೆ. ಹೊರಡುವಾಗ ಚಿಕ್ಗು ಆ ನೋಟ್‌ಬುಕ್ ನನ್ನ ಕೈಗಿಟ್ಟರು.

ಮೇ ತಿಂಗಳಲ್ಲಿ ಅಪ್ಪ ಅಮ್ಮ ಬಂದ್ರು. ತಾಪಾ ಕಡೆಯಿಂದ ಕ್ಯಾಮರಾನ್ ಹೈಲ್ಯಾಂಡ್ಸ್‌ಗೆ ಹೊರಟ್ವಿ. ಥೇಟ್ ನಮ್ಮ ಆಗುಂಬೆ ಘಾಟಿಯ ಅಣ್ಣತಮ್ಮ, ತಿರುವಿನ ಮೇಲೆ ತಿರುವು. ನನ್ನ ಕಣ್ಣು ಅರ್ಧ ರಸ್ತೆ ಮೇಲೆ, ಅರ್ಧ ಟೆಂಪರೇಚರ್ ಮುಳ್ಳಿನ ಮೇಲೆ. ಮುಳ್ಳು ನಡುವಿಗೆ ಬಂದು ನಿಂತಿದ್ದು ಅಲ್ಲಾಡಲೇ ಇಲ್ಲ. ಲಾಟಾ ಇಸ್ಕಂದರ್ ಜಲಪಾತದ ಹತ್ರ ನಿಲ್ಲಿಸಿದೆ. ಅಭ್ಯಾಸ ಬಲದಿಂದ ಇಳಿದು, ಸುತ್ತಿ ಬಂದು ಭುಜ ಕೊಡೋಣ ಅಂದ್ರೆ, ಅಪ್ಪ ಆಗಲೇ ಇಳಿದು ನಿಂತಿದ್ರು. ಸೀಟಿನಿಂದ ಪಕ್ಕಕ್ಕೆ ತಿರುಗಿ ಕಾಲು ನೆಲಕ್ಕೆ ಇಟ್ಟಿದ್ರು, ಅಷ್ಟೇ. ಹಲ್ಲು ಕಚ್ಚಿರಲಿಲ್ಲ. ನಾನೇನೂ ಮಾತಾಡಲಿಲ್ಲ, ಅವರೂ ಆಡಲಿಲ್ಲ.

ತಾನಾ ರಾತಾದಲ್ಲಿ ಎರಡು ದಿನ ಇದ್ವಿ. ಟೀ ತೋಟ ನೋಡಿ "ನಮ್ಮ ಕಡೆ ನೆರಳಿನ ಮರ ಜಾಸ್ತಿ" ಅಂತ ಅಪ್ಪ ತೀರ್ಪು ಕೊಟ್ಟಾಯ್ತು. ವಾಪಸ್ ಇಳಿಯುವಾಗ ಮೂರನೇ ತಿರುವಿನಲ್ಲಿ ಬೈದ್ರು: "ಏನೋ ಮಾರಾಯ, ಆಗಿಂದ ಬ್ರೇಕೇ ಒತ್ತುತ್ತಾ ಇದೀಯ? ಹತ್ತಿದ ಗೇರಲ್ಲೇ ಇಳೀಬೇಕು. ಸೆಕೆಂಡಿಗೆ ಹಾಕು."

ಹಾಕಿದೆ. ಗಾಡಿ ಗುರ್ ಅಂತ ತನ್ನ ಪಾಡಿಗೆ ತಾನು ಇಳೀತು.

ಇದು ಚಿನ್ನದಂಥ ವ್ಯಾಪಾರ ಅಂತ ಮಾತ್ರ ತಿಳ್ಕೋಬೇಡಿ. ನಾಲ್ಕು ಚಕ್ರ ಎಳೆಯೋ ಗಾಡಿ, ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಟ್ರೆ ಅದೃಷ್ಟ. 2025ರ ಸೆಪ್ಟೆಂಬರ್ 30ರಿಂದ ರಾನ್ 95 ಪೆಟ್ರೋಲಿನ ಸಬ್ಸಿಡಿ ಇಲ್ಲಿನ ಪ್ರಜೆಗಳಿಗೆ ಮಾತ್ರ ಅಂತ ಆಯ್ತು. ಅವರಿಗೆ 1.99 ರಿಂಗಿಟ್, ನನ್ನಂಥ ಪರದೇಶಿಗೆ ಆವತ್ತು 2.60. ಹೆಂಡತಿ ಅದನ್ನ ವಾರಕ್ಕೊಮ್ಮೆ ನೆನಪಿಸ್ತಾಳೆ.

ಅವಳ ಆ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಕಂಪನಿ ಬಿಟ್ಟಿದ್ರೂ ಪರವಾಗಿಲ್ಲ, ನೋಡಿಕೊಳ್ಳೋರು ಬಿಟ್ಟಿರಬಾರದು. ಆ ನೋಟ್‌ಬುಕ್ಕಲ್ಲಿ ನಾಲ್ಕು ಪುಟ ಖಾಲಿ ಬಿಟ್ಟು, ಐದನೇದರಿಂದ ನಾನು ಬರೀತಾ ಇದ್ದೀನಿ. ಚಿಕ್ಗು ಅವರಷ್ಟು ಚೆಂದದ ಅಕ್ಷರ ಅಲ್ಲ. ಅದೂ ಕನ್ನಡದಲ್ಲಿದೆ, ಮುಂದೆ ಕೊಳ್ಳೋನು ಅದು ಹೇಗೆ ಓದ್ತಾನೋ ದೇವರಿಗೇ ಗೊತ್ತು :)