ನಾಲ್ವರು ಸೇರಿ ಒಂದು ನಲ್ಲಿ

ಪಿಯುಸಿ ಪರೀಕ್ಷೆಯಲ್ಲಿ ಪಕ್ಕದವರ ಉತ್ತರ ಪತ್ರಿಕೆ ನೋಡುವುದು ತಪ್ಪು. ಇಂಜಿನಿಯರಿಂಗ್‌ನ ಡಿಸೈನ್ ಪ್ರಾಜೆಕ್ಟ್‌ನಲ್ಲಿ ಪಕ್ಕದವರು ಏನು ಮಾಡುತ್ತಿದ್ದಾರೆಂದು ನೋಡದಿರುವುದೇ ತಪ್ಪು. ಈ ಕಾಲೇಜಿನಿಂದ ಹೊರಗೆ ಹೋದ ಮೇಲೆ ನನಗೆ ಅತ್ಯಂತ ಹೊಸದೆನಿಸಿದ ಸಂಗತಿ ಇದು. ಸಿಇಟಿ ಬರೆದು ಇಂಜಿನಿಯರಿಂಗ್ ಸೇರಲಿರುವ ತಮ್ಮ ತಂಗಿಯರಿಗೆ ಪ್ರಯೋಜನವಾದೀತೆಂದು ನಮ್ಮ ತಂಡದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಟಿಯುನ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷವೇ ‘ಇನ್ನೋವೇಶನ್ ಆ್ಯಂಡ್ ಡಿಸೈನ್ ಥಿಂಕಿಂಗ್’ ಎಂಬ ವಿಷಯವಿದೆ. ಮುಂದೆ ಮಿನಿ ಪ್ರಾಜೆಕ್ಟ್ ಬರುತ್ತದೆ. ಪ್ರಾಜೆಕ್ಟ್ ಕೆಲಸಕ್ಕೆ ಪ್ರಶ್ನೆ ಬ್ಯಾಂಕ್ ಇಲ್ಲ, ಕೀ ಉತ್ತರವೂ ಇಲ್ಲ. ಸಮಸ್ಯೆಯನ್ನು ನಾವೇ ಹುಡುಕಬೇಕು, ಬಳಸುವವರನ್ನು ಮಾತಾಡಿಸಬೇಕು, ಮಾದರಿ ತಯಾರಿಸಬೇಕು, ಪರೀಕ್ಷಿಸಬೇಕು. ನಮ್ಮ ತಂಡದಲ್ಲಿ ನಾಲ್ವರಿದ್ದೆವು. ರೋಲ್ ನಂಬರ್ ಪ್ರಕಾರ ಸೇರಿಸಿದ್ದರಿಂದ ಒಬ್ಬರಿಗೊಬ್ಬರು ಹೆಚ್ಚು ಪರಿಚಯವೂ ಇರಲಿಲ್ಲ.

ವುಝೂ ಮಾಡುವಾಗ ಪೋಲಾಗುವ ನೀರನ್ನು ಉಳಿಸುವುದು ನಾವು ಆರಿಸಿಕೊಂಡ ವಿಷಯ. ಕೈ ಚಾಚಿದರೆ ತಾನೇ ತೆರೆಯುವ ಸೆನ್ಸರ್ ನಲ್ಲಿ ಮಾಡುವುದೆಂದು ಮೊದಲ ದಿನವೇ ಎಲ್ಲರ ಮನಸ್ಸಿನಲ್ಲಿತ್ತು. ನಮ್ಮ ಗೈಡ್ ಮಾತ್ರ, “ಮೊದಲು ಹೋಗಿ ನೋಡಿ ಬನ್ನಿ” ಎಂದರು. ಕಾಲೇಜಿನ ಹತ್ತಿರದ ಮಸೀದಿಯ ಇಮಾಮರ ಅನುಮತಿ ಪಡೆದು, ಒಂದು ವಾರ ಅಸರ್ ನಮಾಝಿನ ಹೊತ್ತಿಗೆ ನಲ್ಲಿಗಳ ಕೆಳಗೆ ಬಕೆಟ್ ಇಟ್ಟು ಅಳೆದೆವು. ಒಬ್ಬರಿಗೆ ಸುಮಾರು 5 ಲೀಟರ್ ನೀರು ಹೋಗುತ್ತಿತ್ತು. ಪ್ರವಾದಿ ಮುಹಮ್ಮದ್ (ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ನಲ್ಲಿದೆ. ಅದು ಒಂದು ಲೀಟರಿಗಿಂತಲೂ ಕಡಿಮೆ. ಈ ಅಂತರವೇ ನಮ್ಮ ಪ್ರಾಜೆಕ್ಟ್ ಆಯಿತು.

ಅಳೆಯುತ್ತ ನಿಂತಾಗ ಇನ್ನೊಂದು ವಿಷಯ ಕಂಡಿತು. ಅಲ್ಲಿದ್ದವು ಮೂರು ನಾಲ್ಕು ಸುತ್ತು ತಿರುಗಿಸಬೇಕಾದ ಹಳೆಯ ನಲ್ಲಿಗಳು. ಮುಖ ತೊಳೆದು ತಲೆ ಸವರುವ ನಡುವೆ ಒದ್ದೆ ಕೈಯಲ್ಲಿ ಅದನ್ನು ತಿರುಗಿಸಿ ನಿಲ್ಲಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ನೀರು ಹರಿಯುತ್ತಲೇ ಇರುತ್ತಿತ್ತು.

ಕೆಲಸ ಹಂಚಿಕೊಂಡೆವು. ಒಬ್ಬ ಸೆನ್ಸರ್ ಮತ್ತು ಆರ್ಡುಯಿನೋ ಪ್ರೋಗ್ರಾಂ, ಒಬ್ಬ ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್, ಒಬ್ಬ ಸ್ಟ್ಯಾಂಡ್ ಮತ್ತು ಪೈಪ್. ಲೆಕ್ಕ ಮತ್ತು ವರದಿ ನನ್ನ ಪಾಲಿಗೆ. ಲ್ಯಾಬ್‌ನಲ್ಲಿ ಅವರವರ ಮೇಜಿನ ಮೇಲೆ ಎಲ್ಲವೂ ಚೆನ್ನಾಗಿಯೇ ನಡೆಯಿತು.

ಸಭೆಗಳಲ್ಲಿ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಪೈಪ್ ನೋಡಿಕೊಳ್ಳುತ್ತಿದ್ದ ಗೆಳೆಯ ಕನ್ನಡ ಮಾಧ್ಯಮದಿಂದ ಬಂದವನು, ತಲೆಯಾಡಿಸಿ ಸುಮ್ಮನಿರುತ್ತಿದ್ದ. ಇದನ್ನು ಗಮನಿಸಿದ ಗೈಡ್ ಒಂದು ನಿಯಮ ಮಾಡಿದರು: ಯಾವುದೇ ತೀರ್ಮಾನಕ್ಕೆ ಮೊದಲು ಪ್ರತಿಯೊಬ್ಬರೂ ತಮಗೆ ಬರುವ ಭಾಷೆಯಲ್ಲಿ ಎರಡು ನಿಮಿಷ ಮಾತಾಡಬೇಕು. ಆ ದಿನ ಅವನ ಸರದಿ ಬಂದಾಗ ಹೇಳಿದ: “ಈ ವಾಲ್ವ್ ಅಲ್ಲಿ ಕೆಲಸ ಮಾಡಲ್ಲ. ಟ್ಯಾಂಕ್ ಎತ್ತರ ಸಾಲದು.” ರಜೆಯಲ್ಲಿ ಮಾವನ ಜೊತೆ ಪೈಪ್ ಕೆಲಸಕ್ಕೆ ಹೋಗುತ್ತಿದ್ದವನು ಅವನು.

ಫಸ್ಟ್ ಪಿಯುಸಿಯ ಫಿಸಿಕ್ಸ್ ನೆನಪಿಸಿಕೊಳ್ಳಿ. ದ್ರವದ ಒತ್ತಡವೆಂದರೆ ಸಾಂದ್ರತೆ, ಗುರುತ್ವ ಮತ್ತು ಎತ್ತರದ ಗುಣಲಬ್ಧ. ನಾವು ತಂದ ವಾಲ್ವ್‌ಗೆ ಕನಿಷ್ಠ 0.02 ಮೆಗಾಪ್ಯಾಸ್ಕಲ್ ಒತ್ತಡ ಬೇಕು. ಅಂದರೆ ನೀರು ಸುಮಾರು 2 ಮೀಟರ್ ಎತ್ತರದಲ್ಲಿರಬೇಕು. ಮಸೀದಿಯ ಟ್ಯಾಂಕಿನ ತಳ ನಲ್ಲಿಗಿಂತ 4 ಅಡಿ ಮಾತ್ರ ಮೇಲಿತ್ತು. ಅವನು ಮುಂದುವರಿಸಿ, ಆಸ್ಪತ್ರೆಗಳಲ್ಲಿ ಮೊಣಕೈಯಿಂದ ತಳ್ಳುವ ಉದ್ದ ಹಿಡಿಯ ನಲ್ಲಿ ಇರುತ್ತದಲ್ಲ, ಕಾಲು ಸುತ್ತಿಗೇ ತೆರೆದು ಮುಚ್ಚುತ್ತದೆ, ಅದು ಸಾಕು ಎಂದ.

ಯಾರಿಗೂ ಖುಷಿಯಾಗಲಿಲ್ಲ. ಪ್ರಾಜೆಕ್ಟ್ ಒಪ್ಪಿಸಲು ಮೂರು ವಾರ ಉಳಿದಿತ್ತು. ಎಲ್ಲರೂ ಹಾಕಿದ ಹಣದಲ್ಲಿ ವಾಲ್ವ್ ಬಂದಿತ್ತು. ಅಂಗಡಿಯ ನಲ್ಲಿ ತೋರಿಸಿದರೆ ಅಂಕ ಕೊಡುವವರು ಯಾರು ಎಂದು ಪ್ರೋಗ್ರಾಂ ಬರೆದವನು ಕೇಳಿದ. ಎರಡು ದಿನ ತಂಡದಲ್ಲಿ ಮಾತೇ ಇರಲಿಲ್ಲ. ಕೊನೆಗೆ ವಾದ ಬೇಡ, ಪರೀಕ್ಷಿಸೋಣ ಎಂದು ಒಪ್ಪಿದೆವು. ಶನಿವಾರ ಬೆಳಿಗ್ಗೆ ವಾಲ್ವನ್ನು ಮಸೀದಿಯ ಪೈಪಿಗೇ ಜೋಡಿಸಿದೆವು. ನೀರು ಹನಿಹನಿಯಾಗಿ ಬಂತು. ಅಲ್ಲಿಗೆ ಚರ್ಚೆ ಮುಗಿಯಿತು.

ಆರ್ಡುಯಿನೋ ಕೆಲಸ ವ್ಯರ್ಥವಾಗಲಿಲ್ಲ. ಅದೇ ಗೆಳೆಯ ಅದಕ್ಕೆ ನೀರಿನ ಹರಿವು ಎಣಿಸುವ ಸೆನ್ಸರ್ ಜೋಡಿಸಿ ಲೀಟರ್ ಲೆಕ್ಕ ತೋರಿಸುವಂತೆ ಮಾಡಿದ. ಎರಡು ನಲ್ಲಿಗಳಿಗೆ ಉದ್ದ ಹಿಡಿ ಹಾಕಿಸಿ ಮತ್ತೆ ಒಂದು ವಾರ ಅಳೆದೆವು. ಒಬ್ಬರ ಬಳಕೆ 3 ಲೀಟರಿನ ಒಳಗೆ ಬಂತು. ಬೆರಳು ಮಡಚಲಾಗದ ಒಬ್ಬ ಹಿರಿಯರು ದಿನವೂ ಆ ನಲ್ಲಿಯನ್ನೇ ಹುಡುಕಿ ಬರುತ್ತಿದ್ದರು. ನಮ್ಮ ವರದಿಯಲ್ಲಿ ಇದನ್ನೂ ಸೇರಿಸಿದೆವು.

ಪರೀಕ್ಷಕರು, “ಇದರಲ್ಲಿ ನಿಮ್ಮ ಇಂಜಿನಿಯರಿಂಗ್ ಎಲ್ಲಿದೆ?” ಎಂದು ಕೇಳಿದರು. ಪೈಪಿನ ಗೆಳೆಯ ಬೋರ್ಡ್ ಮೇಲೆ ಟ್ಯಾಂಕಿನ ಚಿತ್ರ ಬರೆದು ಕನ್ನಡದಲ್ಲೇ ವಿವರಿಸಿದ. ಪ್ರೋಗ್ರಾಂ ಬರೆದವನು ಅಳತೆಯ ಅಂಕಿಗಳನ್ನು ಮುಂದಿಟ್ಟ. ಒಳ್ಳೆಯ ಅಂಕಗಳೇ ಬಂದವು.

ತಂಡದ ಕೆಲಸವೆಂದರೆ ಕೆಲಸ ಹಂಚಿಕೊಳ್ಳುವುದಷ್ಟೇ ಎಂದು ಅನೇಕರು ತಿಳಿಯುತ್ತಾರೆ. ಹಂಚಿದ ತುಂಡುಗಳು ಎಲ್ಲಿ ಕೂಡುತ್ತವೆಯೋ ಅಲ್ಲೇ ಪ್ರಾಜೆಕ್ಟ್ ಸೋಲುವುದು ಅಥವಾ ಗೆಲ್ಲುವುದು. ಆದ್ದರಿಂದ ವಾರಕ್ಕೊಮ್ಮೆಯಾದರೂ ಎಲ್ಲ ಭಾಗಗಳನ್ನು ಜೋಡಿಸಿ ನೋಡಿ, ಅರೆಬರೆಯಾಗಿದ್ದರೂ ಸರಿ. ಮಾದರಿಯನ್ನು ಲ್ಯಾಬ್‌ನಲ್ಲಿ ಅಲ್ಲ, ಅದು ಬಳಕೆಯಾಗುವ ಜಾಗದಲ್ಲಿ ಬೇಗ ಪರೀಕ್ಷಿಸಿ. ಯಾರು ಏನನ್ನು ಯಾವ ದಿನಾಂಕದೊಳಗೆ ಮುಗಿಸಬೇಕೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ‘ಅವನು ಏನೂ ಮಾಡಲ್ಲ’ ಎಂಬ ಜಗಳ ಅರ್ಧದಷ್ಟು ಅಲ್ಲೇ ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮಾತಾಡದವರನ್ನು ಕೇಳಿ. ಕುರ್‌ಆನಿನ ಒಂದು ಅಧ್ಯಾಯದ ಹೆಸರೇ ‘ಶೂರಾ’, ಅಂದರೆ ಸಮಾಲೋಚನೆ. ಗಟ್ಟಿ ದನಿಯವರಷ್ಟೇ ಮಾತಾಡಿದರೆ ಅದು ಸಮಾಲೋಚನೆಯಾಗುವುದಿಲ್ಲ. ನಿಮ್ಮ ಪಕ್ಕದ ಬೆಂಚಿನಲ್ಲಿ ಇಂಗ್ಲಿಷಿಗೆ ಹೆದರಿ ಸುಮ್ಮನಿರುವ ಸಹಪಾಠಿ ಯಾರೆಂದು ನಿಮಗೆ ಗೊತ್ತಿದೆ. ಮುಂದಿನ ಸೈನ್ಸ್ ಎಕ್ಸಿಬಿಷನ್‌ಗೆ ತಂಡ ಕಟ್ಟುವಾಗ ಮೊದಲು ಅವರ ಹೆಸರು ಬರೆದುಕೊಳ್ಳಿ.