ಪರರಾಜ್ಯದಲ್ಲಿರುವ ನಮ್ಮ ಟೇಷನ್

ನಮ್ಮೂರು ಕ್ಯಾತಗಾನಚೆರ್ಲಿಗೆ ರೈಲಿಲ್ಲ. ಆದರೆ ನಮ್ಮೂರಿನವರಿಗೊಂದು ರೈಲ್ವೆ ಸ್ಟೇಷನ್ ಇದೆ, ಅದು ಹಿಂದೂಪುರದಲ್ಲಿದೆ. ಹೀಗೆಂದಾಗ ನಗುವವರು ಪಾವಗಡ ತಾಲ್ಲೂಕಿನ ಭೂಪಟವನ್ನೊಮ್ಮೆ ನೋಡಬೇಕು. ಹೆಚ್ಚುಕಡಿಮೆ ಸುತ್ತಲೂ ಆಂಧ್ರ. ನಮ್ಮ ಜಿಲ್ಲಾ ಕೇಂದ್ರ ತುಮಕೂರಿಗೆ ಹೊರಟ ಬಸ್ಸು ಕೂಡ ನಡುವೆ ಆಂಧ್ರದ ನೆಲ ತುಳಿದೇ ಮಧುಗಿರಿ ಸೇರಬೇಕು. ಹೀಗಿರುವಾಗ ಟೇಷನ್ ಪರರಾಜ್ಯದಲ್ಲಿದ್ದರೆ ಅದೇನು ವಿಶೇಷ? ನಮ್ಮ ಕಡೆ ಮನೆಯೊಳಗೇ ಎರಡು ಭಾಷೆ. ಅಮ್ಮ ಬೈಯುವುದು ತೆಲುಗಿನಲ್ಲಿ, ಮುದ್ದು ಮಾಡುವುದು ಕನ್ನಡದಲ್ಲಿ.

ಬೆಂಗಳೂರಿನಿಂದ ಗುಂತಕಲ್ಲಿಗೆ ಹೋಗುವ ಹಳಿ ಹಾಕಿದ್ದು 1890ರ ದಶಕದ ಆರಂಭದಲ್ಲಿ. ಅದಕ್ಕೆ ಮುಂಚೆ, 1876–78ರಲ್ಲಿ, ಧಾತು ಈಶ್ವರ ಬರ ಬಂದಿತ್ತು. ಹೊರಗಿನ ಧಾನ್ಯ ಸಮಯಕ್ಕೆ ಬಂದು ಮುಟ್ಟದೆ ಜನ ಸತ್ತರೆಂದು ಆಮೇಲೆ ಸರ್ಕಾರಕ್ಕೆ ರೈಲಿನ ನೆನಪಾಯಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠ ರೈಲ್ವೆ ಆ ನೆನಪಿನ ಫಲ. ಮೈಸೂರು ಸಂಸ್ಥಾನದ ಹಳಿಗಳನ್ನೂ ಅದೇ ಕಂಪನಿ ನೋಡಿಕೊಂಡಿತು. ಯಲಹಂಕ, ದೊಡ್ಡಬಳ್ಳಾಪುರ ದಾಟಿ, ಮಾಕಳಿದುರ್ಗದ ಬೆಟ್ಟಗಳ ನಡುವೆ ನುಸುಳಿ, ತೊಂಡೇಭಾವಿ, ಗೌರಿಬಿದನೂರು, ವಿದುರಾಶ್ವತ್ಥಗಳನ್ನು ಮುಟ್ಟಿ ಹಳಿ ಗಡಿಯಾಚೆಯ ಹಿಂದೂಪುರ ಸೇರಿತು. ಬರದ ನೆಪದಲ್ಲಿ ಬಂದ ರೈಲು, ಬರಕ್ಕೇ ಹೆಸರಾದ ಪಾವಗಡದ ಪಕ್ಕದಲ್ಲಿ ಹಾದುಹೋಯಿತು, ಒಳಗೆ ಬರಲಿಲ್ಲ!

ನಾನು ಆ ಟೇಷನ್ನನ್ನು ಮೊದಲು ಕಂಡದ್ದು 1978ರಲ್ಲಿ, ಕೆಲಸ ಹುಡುಕಿ ಬೆಂಗಳೂರಿಗೆ ಹೊರಟಾಗ. ಅಪ್ಪ ಜೊತೆಗೆ ಬಂದಿದ್ದ. ಊರಿನಿಂದ ಪಾವಗಡ, ಪಾವಗಡದಿಂದ ಹಿಂದೂಪುರ. ಬಸ್ಸಿಳಿದರೆ ಮಾರುಕಟ್ಟೆಯ ಹುಣಸೆಹಣ್ಣಿನ ವಾಸನೆ. ಆಗ ಮೀಟರ್ ಗೇಜು, ಹೊಗೆಬಂಡಿ. ಟಿಕೆಟ್ ಕಿಟಕಿಯೊಳಗೆ ಗುಮಾಸ್ತರು ಪುಟ್ಟ ರಟ್ಟಿನ ಚೀಟಿಯನ್ನು ಯಂತ್ರದ ಬಾಯಿಗೆ ತುರುಕಿ ‘ಟಕ್’ ಎಂದು ತಾರೀಖು ಒತ್ತುತ್ತಿದ್ದರು. ತೂಗುಹಾಕಿದ ಹಳಿಯ ತುಂಡಿಗೆ ಬಡಿದರೆ ಅದೇ ಗಂಟೆ. ಒಂಟಿ ಹಳಿಯಾದ್ದರಿಂದ ಟೋಕನ್ ಸಿಗದೆ ರೈಲು ಮುಂದೆ ಹೋಗುವಂತಿರಲಿಲ್ಲ. ದೊಡ್ಡ ಬಳೆಯಂಥದ್ದಕ್ಕೆ ಅದನ್ನು ಸಿಕ್ಕಿಸಿ ಡ್ರೈವರಿಗೆ ಕೊಡುವುದನ್ನು ಅಪ್ಪ ಬೆರಗಾಗಿ ನೋಡಿದ. “ಅಷ್ಟು ದೊಡ್ಡ ಬಂಡೀನ ಒಂದು ಬಳೆ ನಿಲ್ಲಿಸಿಬಿಡ್ತದಲ್ಲೋ!” ಎಂದ.

ಅಪ್ಪ ರೈಲು ಹತ್ತಿದವನಲ್ಲ. ಕೊನೆಯವರೆಗೂ ಹತ್ತಲಿಲ್ಲ. ಪ್ಲಾಟ್‌ಫಾರಂ ಟಿಕೆಟ್ ಕೊಳ್ಳುವುದೇ ಅವನ ಪ್ರಯಾಣ. ಕಿಟಕಿಯ ಸರಳು ಹಿಡಿದು, “ಮಳೆ ಬಿದ್ರೆ ಕಾಗದ ಬರೆಸ್ತೀನಿ, ಬಿತ್ತನೆಗೆ ಬಂದ್ಬಿಡು ಮಗ” ಎಂದ. “ಬರ್ತೀನಪ್ಪ” ಎಂದೆ.

ಮೊದಲ ವರ್ಷ ಕಾಗದ ಬಂತು, ಹೋದೆ. ಕಡಲೇಕಾಯಿ ಬಿತ್ತಿ ಬಂದೆ. ಎರಡನೆಯ ವರ್ಷ ರಜೆ ಸಿಗಲಿಲ್ಲ. ಮೂರನೆಯ ವರ್ಷ ಸಿಗಬಹುದಿತ್ತು, ಕೇಳಲಿಲ್ಲ. ನಾಲ್ಕನೆಯ ವರ್ಷ ಕಾಗದವೇ ಬರಲಿಲ್ಲ. ಆ ಸಲ ಮಳೆ ಬಿದ್ದಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

ಎಂಬತ್ತರ ದಶಕದ ಮೊದಲ ಭಾಗದಲ್ಲಿ ಹಳಿ ಬ್ರಾಡ್‌ಗೇಜ್ ಆಯಿತು. ಹೊಗೆ ಹೋಯಿತು, ದೆಹಲಿ, ಬೊಂಬಾಯಿಯ ದೂರದ ರೈಲುಗಳು ಅದೇ ದಾರಿಯಲ್ಲಿ ಓಡಿದವು. ನನ್ನ ಬರವು ಮಾತ್ರ ಹಬ್ಬಕ್ಕಷ್ಟೆ ಎಂಬಂತಾಯಿತು.

1996ರ ಜೂನ್ ತಿಂಗಳ ಒಂದು ಸಂಜೆ ಪಕ್ಕದ ಮನೆಯ ಫೋನಿಗೆ ಸುದ್ದಿ ಬಂತು. ಸಿಕ್ಕಿದ ರೈಲು ಹತ್ತಿದೆ. ಹಿಂದೂಪುರದಲ್ಲಿ ಇಳಿದಾಗ ನಡುರಾತ್ರಿ ಕಳೆದಿತ್ತು. ಪಾವಗಡಕ್ಕೆ ಬಸ್ಸು ಬೆಳಗಿಗೇ. ಟೇಷನ್ನಿನ ಸೌಕರ್ಯಗಳ ಮಾತು ಬಂದಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. ಒಂದು ನಿರೀಕ್ಷಣಾ ಕೊಠಡಿ, ಬೆನ್ನಿಗೆ ಒತ್ತುವ ಮರದ ಬೆಂಚು, ನಿಧಾನವಾಗಿ ತೊಟ್ಟಿಕ್ಕುವ ಒಂದು ನಲ್ಲಿ, ಗೋಡೆ ಗಡಿಯಾರ. ಮೂಟೆಗಳಿಗೆ ಒರಗಿ ಮಲಗಿದ್ದ ಹಮಾಲಿಯೊಬ್ಬ ಎದ್ದು, “ಏಂ ಸಾರ್, ನಿದ್ದರ ರಾಲೇದಾ?” ಎಂದು ಕೇಳಿದ. ಕಾರಣ ಹೇಳಿದೆ. ಅವನು ಮತ್ತೇನೂ ಕೇಳದೆ ಎಲ್ಲಿಂದಲೋ ಚಹಾ ತಂದುಕೊಟ್ಟು, ಪಕ್ಕದಲ್ಲಿ ಕುಳಿತ. ಬೆಳಗಿನವರೆಗೆ ಕುಳಿತೇ ಇದ್ದ. ದುಡ್ಡು ಕೊಡಹೋದರೆ ಕೈ ಹಿಂದೆ ಕಟ್ಟಿಕೊಂಡ.

ಊರು ಸೇರುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಬೇಸಿಗೆಯ ಶಾಖ ಇನ್ನೂ ಇಳಿದಿರಲಿಲ್ಲ, ಇಡುವಂತಿರಲಿಲ್ಲ. ಅಣ್ಣ ಜಗಲಿಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಬಹಳ ಹೊತ್ತಿನ ಮೇಲೆ, “ಮೊನ್ನೆ ಒಂದು ಹದ ಮಳೆ ಬಿತ್ತು. ನಿನಗೆ ಕಾಗದ ಬರಿ ಅಂದ. ಅವನು ಬರೋದಿಲ್ಲ ಬಿಡಪ್ಪ ಅಂತ ನಾನೇ ಅಂದೆ” ಎಂದ.

ಈಗ ಆ ಹೊಲದಲ್ಲಿ ಬಿತ್ತನೆಯೇ ಇಲ್ಲ. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ನಮ್ಮೂರು ಹೀಗೆ ಐದು ಊರುಗಳ 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು. 2018ರಲ್ಲಿ ಉದ್ಘಾಟನೆ, 2019ರ ಕೊನೆಗೆ 2,050 ಮೆಗಾವಾಟ್. ನೆಲ ಮಾರಲಿಲ್ಲ, 28 ವರ್ಷದ ಗುತ್ತಿಗೆ. ಮೊದಲಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಮಳೆ ನಂಬಿ ಕೆಟ್ಟವರಿಗೆ ಅದು ಸಣ್ಣ ಮೊತ್ತವಲ್ಲ, ನಾನೂ ಸಂತೋಷದಿಂದಲೇ ಸಹಿ ಹಾಕಿದೆ. ನೆಲವಿಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೂ ಕುರಿ ಕಾಯುವವರಿಗೂ ಮಾತ್ರ ಈ ಲೆಕ್ಕದಲ್ಲಿ ಕಾಲಂ ಇರಲಿಲ್ಲ. ಅವರಲ್ಲಿ ಕೆಲವರನ್ನು ಹಿಂದೂಪುರದ ಪ್ಲಾಟ್‌ಫಾರಮ್ಮಿನಲ್ಲಿ ಗಂಟುಮೂಟೆಯೊಂದಿಗೆ ನೋಡಿದ್ದೇನೆ.

ತುಮಕೂರು–ರಾಯದುರ್ಗ ರೈಲುಮಾರ್ಗ 2007–08ರಲ್ಲಿ ಮಂಜೂರಾಯಿತು. ಕೊರಟಗೆರೆ, ಮಧುಗಿರಿ, ಪಾವಗಡ ಎಲ್ಲ ಅದರ ದಾರಿಯಲ್ಲೇ. ಅಪ್ಪ ಹೋಗಿ ಹನ್ನೊಂದು ವರ್ಷವಾಗಿತ್ತು. ರಾಯದುರ್ಗದ ಕಡೆಯಿಂದ ಕಲ್ಯಾಣದುರ್ಗಕ್ಕೆ ರೈಲು ಮೊದಲು ಓಡಿತು. ನಮ್ಮ ಕಡೆ ಭೂಸ್ವಾಧೀನದ ಕಡತಗಳು ಓಡಾಡಿದವು.

ಹೋದ ಸಲ ಊರಿಗೆ ಹೋಗುವಾಗ ಬೇಕೆಂದೇ ರಾತ್ರಿ ರೈಲಿನಲ್ಲಿ ಹೋದೆ. ಮೇಲೆ ವಿದ್ಯುತ್ ತಂತಿ, ಕೆಳಗೆ ಜೋಡಿ ಹಳಿ, ಟೋಕನ್ನಿನ ಬಳೆ ಎಲ್ಲಿಯೂ ಇಲ್ಲ. ಮರದ ಬೆಂಚಿನ ಜಾಗದಲ್ಲಿ ತೂತು ತೂತಿನ ಸ್ಟೀಲ್ ಕುರ್ಚಿ. ಪಕ್ಕದಲ್ಲಿ ಕಾಲೇಜು ಹುಡುಗನೊಬ್ಬ ಬ್ಯಾಗು ತಬ್ಬಿಕೊಂಡು ತೂಕಡಿಸುತ್ತಿದ್ದ. ಎಚ್ಚರವಾದಾಗ, “ಪಾವಗಡದ ಬಸ್ಸು ಎಷ್ಟು ಹೊತ್ತಿಗಣ್ಣಾ?” ಎಂದು ಕೇಳಿದ.

“ಬೆಳಗಾಗಬೇಕಪ್ಪ” ಎಂದೆ. ಆಮೇಲೆ ಎದ್ದು ಹೋಗಿ ಎರಡು ಚಹಾ ತಂದೆ.