‘ಲ’ಕಾರಕ್ಕೆ ಸಿಕ್ಕ ಹಾಡು

ಅಂತ್ಯಾಕ್ಷರಿ ಆಡುವುದಕ್ಕೆ ಹಲಗೆ ಬೇಡ, ಕಾಯಿ ಬೇಡ, ಬಯಲೂ ಬೇಡ. ಒಬ್ಬರ ಹಾಡು ಯಾವ ಅಕ್ಷರದಲ್ಲಿ ನಿಲ್ಲುವುದೋ ಆ ಅಕ್ಷರದಿಂದಲೇ ಮತ್ತೊಬ್ಬರು ಇನ್ನೊಂದನ್ನು ಎತ್ತಿಕೊಳ್ಳಬೇಕು, ಅಷ್ಟೆ. 1993ರಲ್ಲಿ ಝೀ ಟಿವಿಯವರು ಇದನ್ನು ಹಿಂದಿಯಲ್ಲಿ ದೊಡ್ಡ ಕಾರ್ಯಕ್ರಮವನ್ನಾಗಿ ಮಾಡಿ ತೋರಿಸಿದರು. ಆದರೆ ಅದಕ್ಕೂ ಬಹಳ ಹಿಂದಿನಿಂದ ಶಾಲಾ ಪ್ರವಾಸದ ಬಸ್ಸುಗಳಲ್ಲಿ, ಮದುವೆಯ ಹಿಂದಿನ ರಾತ್ರಿಗಳಲ್ಲಿ, ಕರೆಂಟು ಹೋದ ಮಳೆಗಾಲದ ಸಂಜೆಗಳಲ್ಲಿ ನಮ್ಮವರು ಇದನ್ನು ಆಡುತ್ತಲೇ ಬಂದಿದ್ದಾರೆ. ತರಗತಿಯಲ್ಲಿ ಶನಿವಾರದ ಕೊನೆಯ ಗಂಟೆಗೆ ನಾನೂ ಎಷ್ಟೋ ಸಲ ಆಡಿಸಿದ್ದೇನೆ. ವ್ಯಾಕರಣದ ಪಾಠದಲ್ಲಿ ಆಕಳಿಸುತ್ತಿದ್ದ ಮಕ್ಕಳು ಈ ಆಟದಲ್ಲಿ ತಮಗರಿವಿಲ್ಲದೆಯೇ ವ್ಯಾಕರಣ ಕಲಿಯುತ್ತಿದ್ದುದನ್ನು ಕಂಡು ಸಂತೋಷಪಟ್ಟಿದ್ದೇನೆ.

ಒಂದೇ ಅಕ್ಷರದಿಂದ ಆರಂಭವಾಗುವ ಹಾಡುಗಳನ್ನು ಒಟ್ಟುಗೂಡಿಸಿ ನೋಡಿದರೆ ಕನ್ನಡ ನುಡಿಯ ಸ್ವಭಾವ ಅಲ್ಲಿ ಕಾಣಿಸಿಕೊಳ್ಳುತ್ತದೆ. ‘ನ’ಕಾರಕ್ಕೆ ಎಂದೂ ಬಡತನವಿಲ್ಲ. ನಾನು, ನೀನು, ನನ್ನ, ನಿನ್ನ, ನಮ್ಮ ಎಂಬ ಮಾತುಗಳಿಲ್ಲದೆ ಪ್ರೇಮಗೀತೆಯೂ ಇಲ್ಲ, ನಾಡಗೀತೆಯೂ ಇಲ್ಲ. ‘ಬ’ಕಾರದಲ್ಲಿ ಕರೆಯುವ ಹಾಡುಗಳು ಹೆಚ್ಚು, ಬಾ ಎಂಬ ಒಂದೇ ಅಕ್ಷರದಲ್ಲಿ ದೇವರನ್ನೂ ಕರೆಯಬಹುದು, ಮಗುವನ್ನೂ ಕರೆಯಬಹುದು. ‘ಯ’ಕಾರದ ಹಾಡುಗಳಲ್ಲಿ ಬಹುಪಾಲು ಪ್ರಶ್ನೆಗಳೇ. ಯಾರು, ಯಾವ, ಯಾಕೆ ಎಂಬುವನ್ನು ಬಿಟ್ಟರೆ ಆ ಅಕ್ಷರದಲ್ಲಿ ನಮಗೆ ಹೆಚ್ಚಿನ ಮಾತುಗಳಿಲ್ಲ. ಹೂವು, ಹಕ್ಕಿ, ಹೊಳೆ, ಹಾಲು, ಹಾಡು ಎಲ್ಲವೂ ‘ಹ’ಕಾರದ ಬುಟ್ಟಿಯಲ್ಲಿವೆ. ಹಳಗನ್ನಡದಲ್ಲಿ ಇವು ಪೂ, ಪಕ್ಕಿ, ಪೊಳೆ, ಪಾಲ್, ಪಾಡು ಆಗಿದ್ದವು. ಪಂಪನ ಕಾಲದವರು ಈ ಆಟ ಆಡಿದ್ದರೆ ‘ಪ’ ಬಂದಾಗ ನಕ್ಕು, ‘ಹ’ ಬಂದಾಗ ತಲೆ ಕೆರೆದುಕೊಳ್ಳುತ್ತಿದ್ದರೆಂದು ಕಾಣುತ್ತದೆ.

ಆಟಗಾರರನ್ನು ನಿಜವಾಗಿ ಕಾಡುವುದು ‘ಲ’ಕಾರ. ಅಚ್ಚಗನ್ನಡದ ಮಾತುಗಳು ‘ಲ’ಕಾರದಿಂದ ಆರಂಭವಾಗುವುದು ಬಲು ವಿರಳ. ಇದು ದ್ರಾವಿಡ ನುಡಿಗಳ ಹಳೆಯ ಗುಣ. ತಮಿಳರ ತೊಲ್ಕಾಪ್ಪಿಯಂ ಪದದ ಮೊದಲಲ್ಲಿ ಬರಬಹುದಾದ ಅಕ್ಷರಗಳನ್ನು ಹೇಳುವಾಗ ‘ರ’ಕಾರ ‘ಲ’ಕಾರಗಳನ್ನು ಸೇರಿಸಿಯೇ ಇಲ್ಲ. ಹಾಗಾಗಿಯೇ ಅವರ ಬಾಯಲ್ಲಿ ರಾಮನು ಇರಾಮನಾದ, ಲೋಕವು ಉಲಗಂ ಆಯಿತು. ನಾವು ಸಂಸ್ಕೃತದಿಂದ ರಾಮನನ್ನೂ ರಂಗನನ್ನೂ ರಾಜನನ್ನೂ ಹಾಗೆಯೇ ಬರಮಾಡಿಕೊಂಡದ್ದರಿಂದ ‘ರ’ಕಾರದ ಕಷ್ಟ ನೀಗಿತು, ‘ಲ’ಕಾರದ ಕಷ್ಟ ಉಳಿಯಿತು.

ಆರಂಭಕ್ಕೆ ಇಷ್ಟು ದುರ್ಲಭವಾದ ಈ ಅಕ್ಷರ ಕೊನೆಗೆ ಮಾತ್ರ ಎಲ್ಲೆಲ್ಲೂ ಇದೆ. ಅಲ್ಲಿ, ಇಲ್ಲಿ, ಮನದಲ್ಲಿ, ಬಾನಲ್ಲಿ ಎಂದು ಹಾಡುಗಳು ಮುಗಿಯುತ್ತವೆ. ಇಲ್ಲ, ಅಲ್ಲ ಎಂದೂ ಮುಗಿಯುತ್ತವೆ. ದಾಸರ ಪದಗಳನ್ನು ಅಂಕಿತದವರೆಗೆ ಹಾಡಿದರೆ ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ ಎಲ್ಲರೂ ‘ಲ’ಕಾರದಲ್ಲಿಯೇ ತಂದು ನಿಲ್ಲಿಸುತ್ತಾರೆ. ಇನ್ನು ಅವಳು, ಬಾಳು, ಹೇಳು, ಕನಸುಗಳು ಎಂದು ‘ಳ’ಕಾರದಲ್ಲಿ ಮುಗಿಯುವ ಹಾಡುಗಳು. ‘ಳ’ಕಾರದಿಂದ ಆರಂಭವಾಗುವ ಕನ್ನಡದ ಮಾತೇ ಇಲ್ಲವಾದ್ದರಿಂದ, ‘ಳ’ ಬಂದರೆ ‘ಲ’ ಎಂದು ಹಿಡಿಯಬೇಕೆಂಬುದು ಎಲ್ಲ ಮನೆಗಳ ಒಪ್ಪಂದ. ಹೀಗೆ ನಾಲ್ಕು ಕಡೆಯಿಂದ ‘ಲ’ಕಾರ ಬಂದು ಬೀಳುತ್ತದೆ. ಹತ್ತು ನಿಮಿಷದೊಳಗೆ ಎರಡೂ ಪಂಗಡಗಳ ಸಿನಿಮಾ ಹಾಡುಗಳು ಬರಿದಾಗುತ್ತವೆ.

1980ರ ದಶಕದಲ್ಲಿ, ಬೇಸಿಗೆ ರಜೆಗೆ ನಮ್ಮ ಮಲೆನಾಡಿನ ಮನೆಯಲ್ಲಿ ಮಕ್ಕಳೆಲ್ಲ ಸೇರುತ್ತಿದ್ದರು. ರೇಡಿಯೋ ಕೇಳಿ, ಹಾಡಿನ ಪುಸ್ತಕ ಕೊಂಡು, ಚಿತ್ರಗೀತೆಗಳನ್ನು ಕಂಠಪಾಠ ಮಾಡಿದ್ದ ಪೋರರು ಅವರು. ಒಂದು ರಾತ್ರಿ ‘ಲ’ ಬಂದು ಆಟ ನಿಂತಿತು. ಜಗಲಿಯ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದ ನನ್ನ ದೊಡ್ಡಮ್ಮ, ಯಾರೂ ಕೇಳದಿದ್ದರೂ, ಒಂದು ಲಾಲಿ ಹಾಡನ್ನು ಎತ್ತಿದರು. ಅದು ಮುಗಿಯುವುದರೊಳಗೆ ಎದುರು ಪಂಗಡದ ಹುಡುಗನೊಬ್ಬ ತಕರಾರು ತೆಗೆದ:

“ಈ ಹಾಡು ಯಾವ ಪಿಕ್ಚರಲ್ಲೂ ಇಲ್ಲ. ದೊಡ್ಡಜ್ಜಿ ಈಗಲೇ ಕಟ್ಟಿ ಹೇಳಿದ್ರೂ ನಮಗೆ ಹೇಗೆ ಗೊತ್ತಾಗ್ತದೆ?”

“ಕಟ್ಟೋದಾಗಿದ್ರೆ ನಿನ್ನ ಮೇಲೇ ಕಟ್ತಿದ್ದೆ ಮಾರಾಯ,” ಎಂದರು ದೊಡ್ಡಮ್ಮ.

ಎಲ್ಲರೂ ನನ್ನ ಮುಖ ನೋಡಿದರು. ಮನೆಯಲ್ಲಿದ್ದ ಮೇಷ್ಟರು ನಾನೊಬ್ಬನೇ. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅತ್ತಿಗೆಯ ದನಿ ಕೇಳಿತು. ಪಾತ್ರೆ ತೊಳೆಯುತ್ತಿದ್ದವರು ಅದೇ ಹಾಡಿನ ಎರಡನೆಯ ಸಾಲನ್ನು ತಮ್ಮಷ್ಟಕ್ಕೆ ಮುಂದುವರಿಸಿದ್ದರು. ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಹಾಡು ಎಲ್ಲಿಂದಲಾದರೂ ಬಂದಿರಲಿ, ಮನೆಯಲ್ಲಿ ಇನ್ನೊಬ್ಬರು ಅದಕ್ಕೆ ದನಿಗೂಡಿಸಿದರೆ ಅದು ಸಲ್ಲುತ್ತದೆ ಎಂದು ಅಂದು ನಿಯಮ ಮಾಡಿದೆವು.

ಆ ನಿಯಮದಿಂದ ಆಟದ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ ಹೆಂಗಸರು ಆಟದ ಕೇಳುಗರಾಗಿದ್ದರು. ಈಗ ಎರಡೂ ಪಂಗಡಗಳು ಅವರನ್ನು ಎಳೆದಾಡತೊಡಗಿದವು. ಲಾಲಿ ಪದಗಳು, ಲಕ್ಷ್ಮಿಯ ಆರತಿ ಹಾಡುಗಳು, ಹಸೆ ಹಾಡುಗಳು, ಸೋಬಾನೆಗಳು, ನಾಟಿಗದ್ದೆಯ ಪದಗಳು ಒಂದೊಂದಾಗಿ ಜಗಲಿಗೆ ಬಂದವು. ನನ್ನ ತಂಗಿಯ ಮಗಳು ಅಕ್ಷರಕ್ಕೊಂದು ಪುಟದಂತೆ ನೋಟುಬುಕ್ಕು ಮಾಡಿ, ಅವುಗಳ ಮೊದಲ ಸಾಲನ್ನು ಬರೆದಿಟ್ಟಳು. ಶಾಸ್ತ್ರ ಓದದ ದೊಡ್ಡಮ್ಮ ಹಾಡು ಮರೆತಾಗ ಒಂದು ಉಪಾಯ ಮಾಡುತ್ತಿದ್ದರು. ಸಾಲಿನ ಎರಡನೆಯ ಅಕ್ಷರವನ್ನು ಬಾಯಲ್ಲೇ ಮೆಲುಕು ಹಾಕಿದರೆ ಮುಂದಿನ ಸಾಲು ತಾನಾಗಿ ಬರುತ್ತಿತ್ತು. ಸಾಲುಸಾಲಿಗೂ ಎರಡನೆಯ ಅಕ್ಷರ ಒಂದೇ ಆಗಿರುವುದನ್ನು ಲಾಕ್ಷಣಿಕರು ಆದಿಪ್ರಾಸ ಎಂದು ಕರೆದರು. ಹತ್ತನೆಯ ಶತಮಾನದ ಕೊನೆಗೆ ನಾಗವರ್ಮನು ಛಂದೋಂಬುಧಿಯಲ್ಲಿ ಅದರ ಭೇದಗಳಿಗೆ ಸಿಂಹ, ಗಜ, ವೃಷಭ ಎಂದು ಹೆಸರಿಟ್ಟ. ನಾನು ಅದನ್ನು ಪರೀಕ್ಷೆಗಾಗಿ ಕಲಿತವನು. ಅದರ ಪ್ರಯೋಜನ ಕಂಡದ್ದು ನಮ್ಮ ಜಗಲಿಯಲ್ಲಿ.

ದೊಡ್ಡಮ್ಮ 1996ರಲ್ಲಿ ತೀರಿಕೊಂಡರು. ನೋಟುಬುಕ್ಕು ಇಂದಿಗೂ ಸೋದರಸೊಸೆಯ ಬಳಿ ಇದೆ. ‘ಲ’ಕಾರದ ಪುಟದಲ್ಲಿ ಹನ್ನೊಂದು ಹಾಡುಗಳಿವೆ. ಆಟಕ್ಕೆ ಬೇಕಾದದ್ದು ತಲೆ ಮಾತ್ರವಾದ್ದರಿಂದ ಎಲ್ಲಕ್ಕೂ ಒಂದೊಂದೇ ಸಾಲು. ಅತ್ತಿಗೆಯನ್ನೂ ನೆರೆಯೂರಿನ ಒಂದಿಬ್ಬರು ಮುತ್ತೈದೆಯರನ್ನೂ ಕೇಳಿ ಏಳು ಹಾಡುಗಳನ್ನು ಪೂರ್ತಿ ಮಾಡಿಕೊಂಡಿದ್ದೇವೆ. ಉಳಿದ ನಾಲ್ಕರ ಮುಂದಿನ ಸಾಲು ಬಲ್ಲವರು ಈವರೆಗೆ ಸಿಕ್ಕಿಲ್ಲ.

ಇಂದು ಸೋದರಸೊಸೆಯ ಮಗ ತನ್ನ ಮೊಬೈಲಿನಲ್ಲಿ ‘ಲ’ ಎಂದು ಒತ್ತಿ ಕ್ಷಣಾರ್ಧದಲ್ಲಿ ಹಾಡುಗಳ ಪಟ್ಟಿಯನ್ನು ನನ್ನ ಮುಂದೆ ಹಿಡಿಯುತ್ತಾನೆ. ಒಳ್ಳೆಯದೇ, ಆಟಕ್ಕೆ ಅದರಿಂದ ಹುರುಪು ಬರುತ್ತದೆ. ಆದರೆ ಯಾರೋ ಹಾಡಿ, ಯಾರೋ ಮುದ್ರಿಸಿದ್ದು ಮಾತ್ರ ಆ ಪಟ್ಟಿಯಲ್ಲಿರುತ್ತದೆ. ಆ ನಾಲ್ಕು ಹಾಡುಗಳು ಅಲ್ಲಿಲ್ಲ. ಆಟದಲ್ಲಿ ಗೆಲ್ಲುವ ಅವಸರ ಇಲ್ಲದಿದ್ದರೆ ಪಟ್ಟಿ ನೋಡುವುದಕ್ಕಿಂತ ಪಕ್ಕದಲ್ಲಿ ಕುಳಿತ ಹಿರಿಯರನ್ನು ಕೇಳುವುದೇ ಲಾಭ. ಕೇಳಿದರೆ ಅವರಲ್ಲಿ ಇನ್ನೂ ಹಾಡುಗಳಿವೆ.

ಆದುದರಿಂದ ಓದುಗ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ನಿಮ್ಮ ಮನೆಯಲ್ಲಿ ಅಂತ್ಯಾಕ್ಷರಿ ನಡೆದು, ‘ಲ’ಕಾರ ಬಂದು, ನೀವು ಎಂದೂ ಕೇಳದ ಹಾಡೊಂದನ್ನು ಅಜ್ಜಿಯೋ ಅತ್ತೆಯೋ ಎತ್ತಿಕೊಂಡರೆ, ಎರಡು ಸಾಲಿಗೆ ಸಾಕು ಎಂದು ನಿಲ್ಲಿಸಬೇಡಿ. ಮೊಬೈಲನ್ನು ಅವರ ಕಡೆ ತಿರುಗಿಸಿಟ್ಟು, ಹಾಡು ಪೂರ್ತಿ ಮುಗಿಯುವವರೆಗೆ ಕಾಯಿರಿ. ಎದುರು ಪಂಗಡದವರು ಕೊಂಚ ತಾಳಿಕೊಳ್ಳಲಿ.